ಕೈ ಬೀಸಿ ಆಡುವ ಆಟ: ವೀ, ಮೂವ್, ಕಿನೆಕ್ಟ್, ಜಾಯ್-ಕಾನ್

2005ರ ಸೆಪ್ಟೆಂಬರ್ 16. ಟೋಕಿಯೊ ಗೇಮ್ ಶೋ ವೇದಿಕೆಯಲ್ಲಿ ನಿಂಟೆಂಡೊ ಅಧ್ಯಕ್ಷ ಸತೋರು ಇವಾಟಾ ತಮ್ಮ ಮುಂದಿನ ಕನ್ಸೋಲ್‌ನ (ಟಿವಿಗೆ ಜೋಡಿಸಿ ಗೇಮ್ ಆಡುವ ಪೆಟ್ಟಿಗೆ) ಕಂಟ್ರೋಲರ್ ತೋರಿಸಿದರು. ನೋಡಿದರೆ ಟಿವಿ ರಿಮೋಟ್! ಕನ್ಸೋಲ್‌ಗೆ ಆಗಿನ್ನೂ ಹೆಸರಿಟ್ಟಿರಲಿಲ್ಲ, 'ರೆವಲ್ಯೂಷನ್' ಅನ್ನುವ ಗುಟ್ಟಿನ ಹೆಸರಷ್ಟೇ ಇತ್ತು. ಜೊತೆಗೊಂದು ವಿಡಿಯೊ. ಅದರಲ್ಲಿ ಗೇಮ್ ಒಂದೂ ಕಾಣಿಸಲಿಲ್ಲ. ಬರೀ ಜನ. ಒಬ್ಬರು ರಿಮೋಟನ್ನೇ ಚಾಕು ಮಾಡಿಕೊಂಡು ಹೆಚ್ಚುತ್ತಿದ್ದಾರೆ, ಇನ್ನೊಬ್ಬರು ಮೀನಿಗೆ ಗಾಳ ಹಾಕುತ್ತಿದ್ದಾರೆ, ಮತ್ತೊಬ್ಬರು ಹಲ್ಲಿನ ಡಾಕ್ಟರ್. ಕತ್ತಿ ಬೀಸುವವರಂತೂ ಇದ್ದೇ ಇದ್ದರು.

ಗೇಮ್ ತೋರಿಸದೆ ಮುಖ ತೋರಿಸಿದ್ದು ಜಾಣತನ. ಉಳಿದದ್ದನ್ನು ನಾವೇ ತುಂಬಿಕೊಂಡೆವು. ನಾನು ಆಗ ಕ್ಯಾಲಿಫೋರ್ನಿಯಾದಲ್ಲಿದ್ದೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಅದೇ ಮಾತು. ಅರ್ಧ ಜನ "ಇದೇನು ಮಕ್ಕಳ ಆಟಿಕೆ" ಅಂತ ನಕ್ಕರು. ಇನ್ನರ್ಧ ಜನಕ್ಕೆ ಹುಚ್ಚು ಹಿಡಿಯಿತು, ನಾನೂ ಆ ಕಡೆಯವನೇ. 2006ರ ಏಪ್ರಿಲ್‌ನಲ್ಲಿ 'ವೀ' ಅಂತ ಹೆಸರಿಟ್ಟಾಗ ಇಂಗ್ಲಿಷ್ ಬಲ್ಲ ಪೋಲಿಗಳಿಗೆಲ್ಲ ಹಬ್ಬ, ಇಂಗ್ಲಿಷ್ ಆಡುಮಾತಿನಲ್ಲಿ 'ವೀ' ಅಂದರೆ ಉಚ್ಚೆ. ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನ ಇ3 ಅನ್ನುವ ಗೇಮ್ ಮೇಳದಲ್ಲಿ ಅದೇ ವೀ ಆಡಲು ಗಂಟೆಗಟ್ಟಲೆ ಕ್ಯೂ ನಿಂತರು. ನಮ್ಮ ಆಸೆ ದೊಡ್ಡದೇನಲ್ಲ. ನಾನು ಮಣಿಕಟ್ಟು ಹೇಗೆ ತಿರುಗಿಸುತ್ತೇನೋ, ಪರದೆ ಮೇಲಿನ ಕತ್ತಿಯೂ ಹಾಗೇ ತಿರುಗಬೇಕು. ಅಷ್ಟೇ.

ಆ ಆಸೆ ಹುಟ್ಟಿಸಿದ್ದು ವೀ. ತೀರಿಸಿದ್ದು ಯಾರು ಅನ್ನುವುದು ಬೇರೆ ಮಾತು. ಆಮೇಲಿನ ವರ್ಷಗಳಲ್ಲಿ ಸೋನಿಯ ಮೂವ್, ಮೈಕ್ರೋಸಾಫ್ಟ್‌ನ ಕಿನೆಕ್ಟ್, ನಿಂಟೆಂಡೊದ್ದೇ ಜಾಯ್-ಕಾನ್ ಎಲ್ಲವನ್ನೂ ಆಡಿದ್ದೇನೆ. ಕೆಲವು ನನ್ನವು, ಕೆಲವು ಗೆಳೆಯರವು. ಹೋಲಿಸಲು ಒಂದು ಅಳತೆ ಬೇಕಲ್ವಾ? ನಾನು ಬೌಲಿಂಗ್ (ಕ್ರಿಕೆಟ್ಟಿನದಲ್ಲ, ಚೆಂಡು ಉರುಳಿಸಿ ಪಿನ್ ಬೀಳಿಸುವುದು), ರ‍್ಯಾಕೆಟ್ ಹಿಡಿಯುವ ಆಟ ಮತ್ತು ಕತ್ತಿ, ಈ ಮೂರರಲ್ಲೇ ನೋಡಿದ್ದೇನೆ. ಶೂಟಿಂಗ್ ಗೇಮ್ ಬಗ್ಗೆ ನನ್ನನ್ನು ಕೇಳಬೇಡಿ.

ವೀ ಅಮೆರಿಕದ ಅಂಗಡಿಗೆ ಬಂದದ್ದು 2006ರ ನವೆಂಬರ್ 19ಕ್ಕೆ. 250 ಡಾಲರ್, ಜೊತೆಗೆ ಟೆನಿಸ್, ಬೌಲಿಂಗ್ ಇರುವ ವೀ ಸ್ಪೋರ್ಟ್ಸ್ ಗೇಮ್ ಡಿಸ್ಕ್ ಪುಕ್ಕಟೆ. ರಿಮೋಟಿನ ಒಳಗಿದ್ದದ್ದು ಒಂದು ಆಕ್ಸೆಲೆರೋಮೀಟರ್ ಚಿಪ್, ಮೂತಿಯಲ್ಲಿ ಒಂದು ಪುಟ್ಟ ಇನ್‌ಫ್ರಾರೆಡ್ ಕ್ಯಾಮೆರಾ. ಚಿಪ್‌ಗೆ ಗೊತ್ತಾಗುವುದು ಎಷ್ಟು ಜೋರಾಗಿ ಎಳೆದಿರಿ, ನೆಲ ಯಾವ ಕಡೆಗಿದೆ ಅನ್ನುವುದು ಮಾತ್ರ. ರಿಮೋಟನ್ನು ನೆಟ್ಟಗೆ ಹಿಡಿದು ಬುಗುರಿಯಂತೆ ತಿರುಗಿಸಿದರೆ ಅದಕ್ಕೆ ಹೆಚ್ಚೇನೂ ತಿಳಿಯದು. ಹಾಗಾಗಿ ಟೆನಿಸ್‌ನಲ್ಲಿ ನೀವು ಪೂರ್ತಿ ತೋಳು ಬೀಸಿದರೂ ಒಂದೇ, ಸೋಫಾದಲ್ಲಿ ಒರಗಿ ಮಣಿಕಟ್ಟನ್ನು ಚಿಟಿಕೆಯಷ್ಟು ಕುಲುಕಿಸಿದರೂ ಒಂದೇ. ಅಂಗಳದಲ್ಲಿ ಓಡುವ ಕೆಲಸ ಪರದೆ ಮೇಲಿನ ಗೊಂಬೆಯದು, ಹೊಡೆಯುವ ಸಮಯ ಮಾತ್ರ ನಿಮ್ಮದು. ಇದು ಗೊತ್ತಾದ ದಿನ ನಮ್ಮ ಗುಂಪಿನ ಅರ್ಧ ಜನ ನಿಲ್ಲುವುದನ್ನೇ ಬಿಟ್ಟರು.

ಕತ್ತಿಯ ಕಥೆ ಇನ್ನೂ ಬೇಜಾರು. ವೀ ಜೊತೆಗೇ ಅಂಗಡಿಗೆ ಬಂದ ರೆಡ್ ಸ್ಟೀಲ್ ಅನ್ನುವ ಗೇಮ್‌ನಲ್ಲಿ ನಾನು ಕೈಯನ್ನು ಹೇಗೆ ಬೀಸಿದರೂ ಕತ್ತಿ ತನಗೆ ಕಲಿಸಿಟ್ಟ ನಾಲ್ಕಾರು ಏಟುಗಳಲ್ಲಿ ಒಂದನ್ನು ಹೊಡೆಯುತ್ತಿತ್ತು. ಅಂದರೆ ನನ್ನ ಕೈ ಬರೀ ಗುಂಡಿ ಒತ್ತುವ ಕೆಲಸ ಮಾಡಿದಂತಾಯಿತು.

ಇಷ್ಟಾದರೂ ಮನೆಗೆ ಬಂದವರೆಲ್ಲ ಕೇಳಿದ್ದು ವೀಯನ್ನೇ. ಕಾರಣ ಬೌಲಿಂಗ್. ರಿಮೋಟಿನ ಕೆಳಗಡೆ ತೋರುಬೆರಳಿಗೆ ಸಿಗುವ 'ಬಿ' ಗುಂಡಿ ಇದೆ. ಅದನ್ನು ಒತ್ತಿ ಹಿಡಿದು ಕೈ ಹಿಂದಕ್ಕೆ ತೆಗೆದು, ಮುಂದಕ್ಕೆ ಬೀಸುವಾಗ ಬೆರಳು ಸಡಿಲಿಸಬೇಕು. ಚೆಂಡು ಹೋಗುತ್ತದೆ. ಮಣಿಕಟ್ಟು ಸ್ವಲ್ಪ ಹೊರಳಿದ್ದರೆ ಚೆಂಡೂ ಹೊರಳುತ್ತದೆ. ಚಳಿಗಾಲದಲ್ಲಿ ನಮ್ಮಮ್ಮ ಬಂದಿದ್ದಾಗ ಅವರ ಕೈಗೂ ಕೊಟ್ಟೆ. ಹೊರಗೆ ಹೋಗುವ ಹಾಗಿಲ್ಲ, ಟಿವಿಯಲ್ಲಿ ಕನ್ನಡ ಇಲ್ಲ, ಪಾಪ.

"ಈಗ ಬಿಡಮ್ಮ, ಬಿಡು!"

"ಏನ್ ಬಿಡೋದೋ? ಬಿಟ್ರೆ ರಿಮೋಟು ಬೀಳಲ್ವಾ?"

ಅವರು ಕೇಳಿದ್ದು ಸರಿಯಾಗೇ ಇತ್ತು. ಎಷ್ಟೋ ಮನೆಗಳಲ್ಲಿ ಜನ ನಿಜವಾಗಿಯೂ ಬಿಟ್ಟಿದ್ದರು. ಬಿಟ್ಟ ರಿಮೋಟು ಟಿವಿಗೇ ಹೋಗಿ ಬಡಿದಿತ್ತು. 2006ರ ಡಿಸೆಂಬರ್‌ನಲ್ಲೇ ನಿಂಟೆಂಡೊ ರಿಮೋಟನ್ನು ಮಣಿಕಟ್ಟಿಗೆ ಕಟ್ಟುವ ಸುಮಾರು 32 ಲಕ್ಷ ಕೈಪಟ್ಟಿಗಳನ್ನು ಬದಲಿಸಿಕೊಡುವುದಾಗಿ ಹೇಳಿ ದಪ್ಪ ದಾರದ ಪಟ್ಟಿ ಕಳಿಸಿತು. ಅಮ್ಮ ಮೊದಲು ಗುಂಡಿ ಬಿಟ್ಟದ್ದು ಕೈ ಹಿಂದಕ್ಕೆ ಹೋದಾಗ. ಚೆಂಡು ಹಿಂದಕ್ಕೆ ದಡ್ಡನೆ ಬಿತ್ತು, ಹಿಂದೆ ನಿಂತಿದ್ದ ಗೊಂಬೆಗಳೆಲ್ಲ ಬೆಚ್ಚಿ ಹಾರಿದವು. ಅಮ್ಮ ನಕ್ಕಿದ್ದು ನೋಡಬೇಕಿತ್ತು. ವಾರ ಕಳೆಯುವಷ್ಟರಲ್ಲಿ ಸ್ಟ್ರೈಕ್ ಮೇಲೆ ಸ್ಟ್ರೈಕ್, ಅಂದರೆ ಒಂದೇ ಎಸೆತಕ್ಕೆ ಎಲ್ಲ ಪಿನ್ ನೆಲಕ್ಕೆ. ತಪ್ಪಿಗೂ ಒಂದು ಮಜಾ ಇಟ್ಟಿದ್ದರಲ್ಲ, ಅದೇ ವೀ ಸ್ಪೋರ್ಟ್ಸ್ ಮಾಡಿದವರ ಬುದ್ಧಿವಂತಿಕೆ. ರಿಮೋಟಿನಲ್ಲೇ ಪುಟ್ಟ ಸ್ಪೀಕರ್ ಇದೆ. ಟೆನಿಸ್ ಚೆಂಡು ತಾಗಿದಾಗ 'ಟಕ್' ಅಂತ ಸದ್ದು ಟಿವಿಯಿಂದಲ್ಲ, ಅಂಗೈಯಿಂದಲೇ ಬರುತ್ತದೆ. ಸದ್ದಿನ ಗುಣಮಟ್ಟ ಸುಮಾರು, ಆದರೆ ಜಾಗ ಸರಿ.

ಇನ್ನೊಂದು ತಮಾಷೆ. ಟಿವಿ ಮೇಲಿಡುವ 'ಸೆನ್ಸರ್ ಬಾರ್' ಏನನ್ನೂ ಗುರುತಿಸುವುದಿಲ್ಲ. ಅದರ ಎರಡು ತುದಿಯಲ್ಲಿ ಇನ್‌ಫ್ರಾರೆಡ್ ದೀಪಗಳಿವೆ, ನೋಡುವ ಕಣ್ಣು ರಿಮೋಟಿನದು. ಬಾರ್ ಇಲ್ಲದಿದ್ದರೆ ಎರಡು ಮೇಣದಬತ್ತಿ ಹಚ್ಚಿಟ್ಟರೂ ನಡೆಯುತ್ತದೆ. ಇದರ ಉಲ್ಟಾ ನಮ್ಮ ಮನೆಯಲ್ಲಾಯಿತು. ಟಿವಿ ಪಕ್ಕದ ಗೂಡಿನಲ್ಲಿ ಅಮ್ಮ ಸಂಜೆ ದೀಪ ಹಚ್ಚಿದರೆ ಪರದೆಯ ಮೇಲಿನ ಕೈ ಗುರುತು ದೇವರ ಕಡೆಗೇ ಜಾರುತ್ತಿತ್ತು! ದೇವರನ್ನು ಸರಿಸುವ ಹಾಗಿಲ್ಲ, ಟಿವಿಯನ್ನೇ ಸರಿಸಿದೆವು.

2009ರ ಜೂನ್‌ನಲ್ಲಿ ಮೋಷನ್‌ಪ್ಲಸ್ ಅನ್ನುವ ಪುಟ್ಟ ಡಬ್ಬಿ ಬಂತು. ರಿಮೋಟಿನ ಬಾಲಕ್ಕೆ ಸಿಕ್ಕಿಸಬೇಕು. ಒಳಗೆ ಜೈರೋಸ್ಕೋಪ್, ಅಂದರೆ ತಿರುಗುವುದನ್ನು ಅಳೆಯುವ ಚಿಪ್. ವೀ ಸ್ಪೋರ್ಟ್ಸ್ ರೆಸಾರ್ಟ್‌ನಲ್ಲಿ ಕತ್ತಿ ಕೊನೆಗೂ ಕೈ ಹೇಳಿದಂತೆ ಕೇಳಿತು. ನಡುನಡುವೆ ರಿಮೋಟನ್ನು ಮೇಜಿನ ಮೇಲೆ ಮಲಗಿಸಿ 'ಸ್ವಲ್ಪ ಸುಮ್ಮನಿರು' ಅನ್ನಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಆದರೂ 2005ರ ವಿಡಿಯೊ ಮಾತು ಕೊಟ್ಟಿದ್ದು ಸಿಕ್ಕಿದ್ದು ನಾಲ್ಕು ವರ್ಷ ತಡವಾಗಿ, ಅದೂ ಬೇರೆ ದುಡ್ಡು ಕೊಟ್ಟು.

ಈಗ ಮೂವ್. 2010ರ ಸೆಪ್ಟೆಂಬರ್‌ನಲ್ಲಿ ಸೋನಿಯ ಕನ್ಸೋಲ್ ಪ್ಲೇಸ್ಟೇಷನ್ 3ಕ್ಕೆ ಬಂತು. ಕಪ್ಪು ಕೋಲು, ತುದಿಯಲ್ಲಿ ಹೊಳೆಯುವ ಮೆತ್ತನೆಯ ಚೆಂಡು. ಮೊದಲು ಕಂಡಾಗ ಜಾತ್ರೆಯಲ್ಲಿ ಕೊಂಡ ಸಾಮಾನಿನ ಹಾಗಿತ್ತು. ಹಿಡಿದ ಮೇಲೆ ಆ ಮಾತು ವಾಪಸ್. ಇದರ ಲೆಕ್ಕ ವೀಗೆ ತಿರುಗುಮುರುಗು. ಕಣ್ಣು ಟಿವಿ ಮೇಲಿನ ಕ್ಯಾಮೆರಾದಲ್ಲಿದೆ, ದೀಪ ಕೈಯಲ್ಲಿದೆ. ಚೆಂಡಿನ ಗಾತ್ರ ಗೊತ್ತಿರುವುದರಿಂದ, ಕ್ಯಾಮೆರಾಗೆ ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದರ ಮೇಲೆ ದೂರ ತಿಳಿಯುತ್ತದೆ. ಕೋಣೆಯಲ್ಲಿ ಕೆಂಪು ಜಾಸ್ತಿ ಇದ್ದರೆ ಚೆಂಡು ತಾನೇ ಬೇರೆ ಬಣ್ಣಕ್ಕೆ ಹೋಗುತ್ತದೆ. ಒಳಗೆ ಆಕ್ಸೆಲೆರೋಮೀಟರ್, ಜೈರೋ ಎರಡೂ ಇವೆ, ಜೊತೆಗೆ ದಿಕ್ಸೂಚಿಯಂಥ ಮ್ಯಾಗ್ನೆಟೋಮೀಟರ್ ಬೇರೆ.

ಸ್ಪೋರ್ಟ್ಸ್ ಚಾಂಪಿಯನ್ಸ್ ಅನ್ನುವ ಗೇಮ್‌ನ ಟೇಬಲ್ ಟೆನಿಸ್ ಆಡಿದಾಗ ನನಗೆ ಮೊದಲ ಸಲ 'ಇದು ನನ್ನ ಕೈ' ಅನ್ನಿಸಿತು. ಪರದೆಯ ಬ್ಯಾಟನ್ನು ಮುಖದ ಹತ್ತಿರ ತಂದು ಮಗುಚಿ ನೋಡಿ. ಅದೂ ಮಗುಚುತ್ತದೆ. ಚೆಂಡನ್ನು ಕೆಳಗಿನಿಂದ ಸವರಿದರೆ ಸ್ಪಿನ್. ಒಂದು ಹೆಜ್ಜೆ ಮುಂದೆ ಹೋದರೆ ಆಟಗಾರನೂ ಮೇಜಿಗೆ ಹತ್ತಿರ. ಕಾಲೇಜಿನಲ್ಲಿ ಟಿಟಿ ಆಡಿದ ಕೈಗೆ ಇದು ಹಬ್ಬದ ಊಟ. ಬಿಲ್ಲುಗಾರಿಕೆಯಲ್ಲಿ ಎರಡು ಮೂವ್ ಹಿಡಿದು, ಬೆನ್ನ ಹಿಂದಿನ ಬತ್ತಳಿಕೆಯಿಂದ ಬಾಣ ತೆಗೆಯುವಂತೆ ಕೈ ಹಾಕಿ, ಹೆದೆ ಎಳೆದು ಬಿಡಬೇಕು. ಕೈ ನಡುಗಿದರೆ ಗುರಿಯೂ ನಡುಗುತ್ತದೆ. ಕತ್ತಿ, ಗುರಾಣಿ ಎರಡೂ ಸರಿಯಾಗಿ ತಿರುಗುತ್ತವೆ. ನಿಖರತೆಯೊಂದೇ ಅಳತೆಯಾದರೆ ಹೋಲಿಕೆ ಇಲ್ಲಿಗೇ ಮುಗಿಯಿತು.

ಆದರೆ ಅದೇ ಗೇಮನ್ನು ಅಮ್ಮನ ಕೈಗೆ ಕೊಟ್ಟರೆ? ಪ್ರತಿ ಆಟಕ್ಕೂ ಮೊದಲು ಕೋಲನ್ನು ಕ್ಯಾಮೆರಾ ಕಡೆ ಹಿಡಿ, ಭುಜದ ಹತ್ತಿರ ಹಿಡಿ, ಹೊಟ್ಟೆಯ ಮುಂದೆ ಹಿಡಿ, ಗುಂಡಿ ಒತ್ತು. "ಇದೇನು ಪೂಜೆನೋ" ಅಂದರು. ಆಮೇಲೆ ಆಟ ಶುರುವಾದರೆ ನಿಜವಾದ ಟಿಟಿಯಲ್ಲಿ ತಪ್ಪುವಷ್ಟೇ ಇಲ್ಲೂ ತಪ್ಪುತ್ತಾರೆ. ಅಷ್ಟು ನಿಖರವಾದ ಕಂಟ್ರೋಲರ್ ನಿಮ್ಮ ದಡ್ಡತನವನ್ನೂ ಅಷ್ಟೇ ನಿಖರವಾಗಿ ತೋರಿಸುತ್ತದೆ. ವೀ ಅದನ್ನು ಮುಚ್ಚಿಡುತ್ತಿತ್ತು.

ಕಿನೆಕ್ಟ್ ಬಗ್ಗೆ ಎದ್ದ ಗುಲ್ಲು 2005ರದ್ದಕ್ಕೆ ಸರಿಸಮ. 2009ರ ಇ3ಯಲ್ಲಿ 'ಪ್ರಾಜೆಕ್ಟ್ ನೇಟಾಲ್' ಅಂತ ತೋರಿಸಿದಾಗ ಕೈಯಲ್ಲಿ ಏನೂ ಇಲ್ಲ, ನೀವೇ ಕಂಟ್ರೋಲರ್ ಅಂದರು. 2010ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್ 360ಕ್ಕೆ ಬಂತು, ಮೊದಲ 60 ದಿನದಲ್ಲಿ 80 ಲಕ್ಷ ಹೋಯಿತು, ಗಿನ್ನೆಸ್ ದಾಖಲೆಯೂ ಆಯಿತು. ಒಳಗಿನ ಕೆಲಸ ನಿಜಕ್ಕೂ ಬೆರಗಿನದು. ಇಸ್ರೇಲಿನ ಪ್ರೈಮ್‌ಸೆನ್ಸ್ ಕಂಪನಿಯ ತಂತ್ರಜ್ಞಾನ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚುಕ್ಕಿಗಳನ್ನು ಕೋಣೆಯ ತುಂಬ ಎರಚಿ, ಅವು ಎಲ್ಲೆಲ್ಲಿ ಸರಿದವು ಎಂದು ನೋಡಿ ಆಳ ಲೆಕ್ಕ ಹಾಕುತ್ತದೆ.

ನಾನು ಇದನ್ನು ಹೆಚ್ಚು ಆಡಿದ್ದು ಬೆಂಗಳೂರಿಗೆ ವಾಪಸ್ ಬಂದ ಮೇಲೆ. ಒಬ್ಬರು ಆಡಲು ಸೆನ್ಸರ್‌ನಿಂದ ಆರಡಿ ದೂರ ಬೇಕು, ಇಬ್ಬರಾದರೆ ಎಂಟಡಿ. ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಎಂಟಡಿ ಎಲ್ಲಿಂದ ತರೋಣ? ಟೀಪಾಯಿ ಬಾಲ್ಕನಿಗೆ ಹೋಯಿತು, ದಿವಾನ್ ಗೋಡೆಗೆ ಒತ್ತಿತು. ಲುಂಗಿ ಉಟ್ಟು ನಿಂತ ನನ್ನ ಭಾವನ ಗೊಂಬೆಗೆ ಕಾಲು ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತಲೇ ತಿಳಿಯಲಿಲ್ಲ. ಲುಂಗಿಯನ್ನು ಎತ್ತಿ ಕಟ್ಟಿದ ಮೇಲೆ ಸರಿಹೋಯಿತು.

ಮಕ್ಕಳಿಗೆ ಮಾತ್ರ ಸ್ವರ್ಗ. ಕಿನೆಕ್ಟ್ ಅಡ್ವೆಂಚರ್ಸ್‌ನಲ್ಲಿ ಗಾಜಿನ ಪೆಟ್ಟಿಗೆಗೆ ಬೀಳುವ ತೂತುಗಳನ್ನು ಕೈ, ಕಾಲು, ತಲೆಯಿಂದ ಮುಚ್ಚುವ ಆಟವಿದೆ. ಅಕ್ಕನ ಮಕ್ಕಳು ಇಡೀ ಮಧ್ಯಾಹ್ನ ಅದನ್ನೇ ಆಡಿದರು. ಗುಂಡಿ ಇಲ್ಲ, ಕಲಿಸುವುದೂ ಇಲ್ಲ. ಕುಣಿಯುವ ಗೇಮ್‌ಗಳಿಗೂ ಇದೇ ಸರಿ. ರ‍್ಯಾಕೆಟ್ ಆಟ, ಕತ್ತಿಗೆ ಬೇಡ. ಕೈ ಬೀಸುವುದಕ್ಕೂ ಪರದೆಯ ಮೇಲೆ ಅದು ಆಗುವುದಕ್ಕೂ ನಡುವೆ ಒಂದು ತಡ ಇದೆ. ಜೊತೆಗೆ ಮುಷ್ಟಿಯಲ್ಲಿ ಏನೂ ಇಲ್ಲ. ಚೆಂಡು ತಾಗಿತೆಂದು ಕೈಗೆ ಹೇಳುವವರಿಲ್ಲ. ಬೌಲಿಂಗ್‌ನಲ್ಲಿ ಗಾಳಿಯನ್ನೇ ಎತ್ತಿ ಗಾಳಿಯನ್ನೇ ಎಸೆದಾಗ ನನಗೆ ವೀ ರಿಮೋಟಿನ ಆ ಸಣ್ಣ ನಡುಕ ನೆನಪಾಗುತ್ತಿತ್ತು. ಮೆನುವಿನಲ್ಲಿ ಏನಾದರೂ ಆರಿಸಬೇಕೆಂದರೆ ಕೈಯನ್ನು ಗಾಳಿಯಲ್ಲಿ ತಡೆದು ಹಿಡಿದು, ಪುಟ್ಟ ವೃತ್ತ ತುಂಬುವ ತನಕ ಕಾಯಬೇಕು. ಭುಜ ಬೀಳುತ್ತದೆ.

ಜಾಯ್-ಕಾನ್ 2017ರ ಮಾರ್ಚ್‌ನಲ್ಲಿ ನಿಂಟೆಂಡೊದ ಸ್ವಿಚ್ ಕನ್ಸೋಲ್ ಜೊತೆ ಬಂತು. ಇದರ ಸುತ್ತ ಅಂಥ ಗುಲ್ಲೇನೂ ಇರಲಿಲ್ಲ, ಅಷ್ಟರಲ್ಲಿ ಕೈ ಬೀಸುವುದು ಹಳೇ ಮಾತಾಗಿತ್ತು. ಬೆರಳುದ್ದದ ಎರಡು ತುಂಡು, ಒಳಗೆ ಜೈರೋ ಮೊದಲಿನಿಂದಲೇ ಇದೆ. ಬಾರ್ ಬೇಡ, ಕ್ಯಾಮೆರಾ ಬೇಡ. ನಡುಕವಂತೂ ಬಹಳ ಸೂಕ್ಷ್ಮ. 1-2-ಸ್ವಿಚ್‌ನಲ್ಲಿ ಅಂಗೈ ಮೇಲಿನ ಜಾಯ್-ಕಾನ್ ವಾಲಿಸಿ, ಒಳಗೆ ಎಷ್ಟು ಗೋಲಿ ಉರುಳುತ್ತಿವೆ ಎಂದು ಹೇಳುವ ಆಟವಿದೆ. ಒಳಗೆ ಗೋಲಿ ಇಲ್ಲವೆಂದು ಗೊತ್ತಿದ್ದರೂ ಕೈ ನಂಬುವುದಿಲ್ಲ.

2022ರಲ್ಲಿ ಬಂದ ಸ್ವಿಚ್ ಸ್ಪೋರ್ಟ್ಸ್‌ನಲ್ಲಿ ಬ್ಯಾಡ್ಮಿಂಟನ್ ಇದೆ. ಬೀದಿಯಲ್ಲಿ ದಾರ ಕಟ್ಟಿ ಶಟಲ್ ಆಡಿದವರಿಗೆ ಇನ್ನೇನು ಬೇಕು? ಓಡುವುದು ಇಲ್ಲೂ ಗೊಂಬೆಯೇ, ಆದರೆ ಬ್ಯಾಟು ಯಾವ ಕಡೆಯಿಂದ ಬಂತು ಅನ್ನುವುದಕ್ಕೆ ಬೆಲೆ ಇದೆ. ಗುಂಡಿ ಹಿಡಿದು ಬೀಸಿದರೆ ಶಟಲ್ ನೆಟ್ ಹತ್ತಿರವೇ ಬೀಳುತ್ತದೆ. ನನ್ನ ಮಗಳು ಅದೊಂದರಿಂದಲೇ ನನ್ನನ್ನು ಸೋಲಿಸುತ್ತಾಳೆ. ಚಂಬಾರ ಅನ್ನುವ ಕತ್ತಿಯಾಟದಲ್ಲಿ ಎದುರಾಳಿಯ ಕತ್ತಿ ಅಡ್ಡ ಇದ್ದರೆ ನೀವೂ ಅಡ್ಡಡ್ಡವೇ ಹೊಡೆಯಬೇಕು, ಕೈ ಯಾವ ಕಡೆ ಬೀಸಿತು ಅನ್ನುವುದನ್ನು ಜಾಯ್-ಕಾನ್ ತಪ್ಪಿಲ್ಲದೆ ಹೇಳುತ್ತದೆ. ಮೂವ್‌ನಷ್ಟು ನಿಖರ ಅಲ್ಲ, ಕೈ ಕೋಣೆಯಲ್ಲಿ ಎಲ್ಲಿದೆ ಎಂದು ಇದಕ್ಕೆ ತಿಳಿಯದು, ಯಾವ ಕಡೆ ತಿರುಗಿದೆ ಅನ್ನುವುದಷ್ಟೇ. ದೊಡ್ಡ ಕೈಯವರಿಗೆ ಹಿಡಿತವೂ ಕಷ್ಟ.

ಹಾಗಾದರೆ ಯಾವುದು? ಹೊಸದಾಗಿ ಕೊಳ್ಳುವವರಿಗೆ ಸ್ವಿಚ್ ಸಾಕು, ಹೆಚ್ಚು ಯೋಚಿಸಬೇಡಿ. ಒಬ್ಬರೇ ಕೂತು ಪಟ್ಟುಹಿಡಿದು ಆಡುವವರಿಗೆ ಮೂವ್. ಮನೆ ತುಂಬ ನೆಂಟರು, ಅದರಲ್ಲಿ ಗೇಮ್ ಮುಟ್ಟದವರೇ ಜಾಸ್ತಿ ಅಂದರೆ ನನ್ನ ಓಟು ಈಗಲೂ ವೀಗೆ. ಕೈಯಲ್ಲಿ ಹಿಡಿಯಲು ಒಂದು ವಸ್ತು, ತಪ್ಪಿದರೂ ಮರ್ಯಾದೆ ಹೋಗದ ಆಟ, ಇವೆರಡೂ ಕೂಡಿದ್ದು ಅಲ್ಲೇ. ಹತ್ತು ಕೋಟಿಗೂ ಹೆಚ್ಚು ವೀ ಮಾರಾಟವಾದದ್ದು ಸುಮ್ನೆ ಅಲ್ಲ.

ಹಳೇದನ್ನು ಕೊಳ್ಳುವುದಾದರೆ ಕೆಲವು ವಿಷಯ ನೋಡಿಕೊಳ್ಳಿ. ವೀ ರಿಮೋಟಿಗೆ ಎರಡು ಸಾಮಾನ್ಯ ಎಎ ಸೆಲ್ ಸಾಕು, ಆದ್ದರಿಂದ ಎಷ್ಟು ವರ್ಷ ಮೂಲೆಯಲ್ಲಿದ್ದರೂ ಎದ್ದು ಕೂರುತ್ತದೆ. ಸೆಲ್ ಸೋರಿ ತುಕ್ಕು ಹಿಡಿದಿದೆಯಾ ಅಂತ ಮುಚ್ಚಳ ತೆಗೆದು ನೋಡಿ. ಮೂವ್‌ನಲ್ಲಿ ಬ್ಯಾಟರಿ ಒಳಗೇ ಇದೆ, ವರ್ಷಗಟ್ಟಲೆ ಚಾರ್ಜ್ ಮಾಡದೆ ಬಿಟ್ಟಿದ್ದರೆ ಚೆಂಡು ಹೊತ್ತಿದರೂ ಹೆಚ್ಚು ಹೊತ್ತು ನಿಲ್ಲದಿರಬಹುದು. ಟಿವಿ ಮೇಲಿಡುವ ಕ್ಯಾಮೆರಾ (ಹೆಸರು ಪ್ಲೇಸ್ಟೇಷನ್ ಐ) ಜೊತೆಗಿಲ್ಲದಿದ್ದರೆ ಕೊಳ್ಳಲೇಬೇಡಿ. ಕಿನೆಕ್ಟ್ ಹಳೇ ಎಕ್ಸ್‌ಬಾಕ್ಸ್ 360ಕ್ಕೆ ಹಾಕುವುದಾದರೆ ಬೇರೆ ಪವರ್ ಅಡಾಪ್ಟರ್ ಬೇಕು, ಆಮೇಲೆ ಬಂದ ತೆಳ್ಳನೆಯ ಮಾಡೆಲ್‌ಗೆ ಬೇಡ. ದುಡ್ಡು ಕೊಡುವ ಮೊದಲು ಹಾಲ್‌ಗೆ ಟೇಪ್ ಹಿಡಿದು ಅಳೆದುಬಿಡಿ.