ಗೇರ್ ಬಾಕ್ಸ್ ಇಳಿಸುವ ಮುಂಚೆ ಬ್ರೀದರ್ ಪೈಪ್ ನೋಡಿಸಿ

ಹಳೆ ಲಾರಿ ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. 407 ಇರಲಿ, ಸ್ವರಾಜ್ ಮಜ್ದಾ ಇರಲಿ, ಹಳೆ ಲೇಲ್ಯಾಂಡ್ ಇರಲಿ. ಎಂಜಿನ್ ಹಿಂಭಾಗದಲ್ಲಿ ಆಯಿಲ್ ಸೋರುತ್ತಿದೆ ಅಂತ ತೋರಿಸಿದ ತಕ್ಷಣ ಯಾರಾದರೂ "ಕ್ರ್ಯಾಂಕ್ ಸೀಲ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು" ಅಂದರೆ ಅಲ್ಲೇ ತಡೆಯಿರಿ. (ಕ್ರ್ಯಾಂಕ್ ಸೀಲ್ ಅಂದರೆ ಎಂಜಿನ್ನಿನ ತಿರುಗುವ ದಂಡ ಹಿಂದೆ ಹೊರಬರುವಲ್ಲಿ ಆಯಿಲ್ ತಡೆಯುವ ಬಳೆ.) ನಮ್ಮ ಗಾಡಿಗೆ ಆಗಿದ್ದು ನಿಮ್ಮದಕ್ಕೆ ಆಗುವುದು ಬೇಡ.

ನಮ್ಮದು ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗದ ಮಂಡಿಗೆ ಅಡಿಕೆ ಸಾಗಿಸುವ ಗಾಡಿ. ಮಳೆಗಾಲದಲ್ಲಿ ಬಾಡಿಗೆ ಕಡಿಮೆ, ಶೆಡ್ಡಿನಲ್ಲೇ ಜಾಸ್ತಿ ನಿಂತಿತ್ತು. ಕೊಯ್ಲು ಶುರುವಾಗಿ ಗಾಡಿ ಹೊರಗೆ ತೆಗೆದ ಮೇಲೆ ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕ್ಲಚ್ ಮುಚ್ಚುವ ಕವಚ) ಕೆಳಗೆ ಕಪ್ಪು ಆಯಿಲ್ ತೊಟ್ಟಿಕ್ಕತೊಡಗಿತು. ಶಿವಮೊಗ್ಗದ ಒಂದು ಗ್ಯಾರೇಜಿಗೆ ಒಯ್ದೆವು. ಮೆಕ್ಯಾನಿಕ್ ಗಾಡಿ ಅಡಿಗೆ ತೂರಿ, ಟಾರ್ಚ್ ಹಿಡಿದು ಒಮ್ಮೆ ನೋಡಿ ಎದ್ದು ಬಂದ. "ಸೀಲೇ ಅಣ್ಣಾ, ಬೇರೆ ಮಾತೇ ಇಲ್ಲ." ಮೇಲಿಂದಲೂ ಒಮ್ಮೆ ನೋಡಿ ಅಂದೆ. ನೋಡಲಿಲ್ಲ. ಎಂಜಿನ್ ತೊಳೆಯಲೂ ಇಲ್ಲ.

ಗೇರ್ ಬಾಕ್ಸ್ ಇಳಿಸಿದಾಗ ಒಳಗೆ ಫ್ಲೈವೀಲ್, ಕ್ಲಚ್ ಪ್ಲೇಟ್ ಎರಡೂ ಒಣಗಿಯೇ ಇದ್ದವು. ಹಿಂದಿನ ಸೀಲ್ ನಿಜವಾಗಿ ಸೋರಿದ್ದರೆ ತಿರುಗುವ ಫ್ಲೈವೀಲ್ ಆ ಆಯಿಲನ್ನು ಹೌಸಿಂಗ್ ಒಳಗೆಲ್ಲ ಎರಚಿರುತ್ತಿತ್ತು. ಅಷ್ಟು ಕಣ್ಣೆದುರಿಗಿದ್ದರೂ ಹೊಸ ಸೀಲ್ ಕೂರಿಸಿದರು, ಹೇಗೂ ಬಿಚ್ಚಿದ್ದೇವೆ ಅಂತ ಕ್ಲಚ್ ಪ್ಲೇಟನ್ನೂ ಬದಲಿಸಿದರು. ಸಾಮಾನಿನ ದುಡ್ಡು, ಕೂಲಿ, ಅದರ ಮೇಲೆ ಸೀಸನ್ನಿನಲ್ಲಿ ಗಾಡಿ ನಿಂತ ನಷ್ಟ. ಊರಿಗೆ ಬರುವಾಗ ಮಂಡಗದ್ದೆ ಹತ್ತಿರ ಟೀಗೆ ನಿಲ್ಲಿಸಿದರೆ ಮತ್ತೆ ಅದೇ ಜಾಗದಲ್ಲಿ ಆಯಿಲ್. ವಾಪಸ್ ಹೋಗಿ ಕೇಳಿದ್ದಕ್ಕೆ "ಹಳೆ ಗಾಡಿ ಅಂದ್ಮೇಲೆ ಸೋರೋದೇ" ಅಂದರು. ಬಿಲ್ಲಿಗಿಂತ ಈ ಮಾತು ನನಗೆ ಜಾಸ್ತಿ ನೋವು ಮಾಡಿತು. ಗಾಡಿ ಎಷ್ಟೇ ಹಳೆಯದಾಗಲಿ, ಸೋರುವುದಕ್ಕೆ ಕಾರಣ ಇದ್ದೇ ಇರುತ್ತದೆ ಅಲ್ವಾ?

ಕಾರಣ ಹುಡುಕಿದವರು ತೀರ್ಥಹಳ್ಳಿಯ ಒಬ್ಬ ಹಿರಿಯ ಮೆಕ್ಯಾನಿಕ್. ಅವರು ಮೊದಲು ಸ್ಪ್ಯಾನರ್ ಮುಟ್ಟಲೇ ಇಲ್ಲ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಡೀಸೆಲ್ ಮತ್ತು ಬ್ರಷ್ ಹಿಡಿದು ಹಿಂಭಾಗವನ್ನೆಲ್ಲ ತೊಳೆದರು. ಒರೆಸಿ, ಚೆನ್ನಾಗಿ ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿದರು. ಸ್ವಲ್ಪ ದೂರ ಓಡಿಸಿಕೊಂಡು ಬಂದು ಮೇಲಿಂದ ಕೆಳಗೆ ನೋಡುತ್ತಾ ಬಂದರೆ, ಬಿಳಿ ಪೌಡರ್ ಮೇಲೆ ಆಯಿಲ್ ಇಳಿದ ಗೆರೆ ಸ್ಪಷ್ಟ. ಎಂಜಿನ್ ನೆತ್ತಿಯ ಮುಚ್ಚಳ, ಅಂದರೆ ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ ಹೊರಟು, ಹೆಡ್ಡಿನ ಬೆನ್ನಿಗುಂಟ ಇಳಿದು, ಹೌಸಿಂಗ್ ಹೊರಮೈ ಬಳಸಿ ಕೆಳಗೆ ಬೀಳುತ್ತಿತ್ತು. ಹಂಚಿನ ಮನೆಯವರಿಗೆ ಇದು ಹೊಸದಲ್ಲ: ಹಂಚು ಒಡೆದ ಜಾಗ ಒಂದು, ನೀರು ತೊಟ್ಟಿಕ್ಕುವ ಜಾಗ ಇನ್ನೊಂದು.

ಆ ಕವರಿನಡಿಯ ಪ್ಯಾಕಿಂಗ್ (ಗ್ಯಾಸ್ಕೆಟ್) ಬದಲಿಸಿ ಕಳಿಸಬಹುದಿತ್ತು. ಅವರು ಅಲ್ಲಿಗೆ ಬಿಡಲಿಲ್ಲ. ಎಂಜಿನ್ ಐಡಲಿನಲ್ಲಿಟ್ಟು ಆಯಿಲ್ ಹಾಕುವ ಮುಚ್ಚಳ ಸಡಿಲಿಸಿದರು. ಬುಸುಬುಸು ಅಂತ ಹೊಗೆ ಜೋರಾಗಿ ನುಗ್ಗಿತು. ಬ್ರೀದರ್ ಪೈಪ್ ಬಿಚ್ಚಿ ನೋಡಿದರೆ ಒಳಗೆ ಕಡಜದ ಮಣ್ಣಿನ ಗೂಡು! ಅದರ ಹಿಂದೆ ಗಟ್ಟಿಯಾದ ಜಿಡ್ಡು. ಮಳೆಗಾಲದಲ್ಲಿ ಗಾಡಿ ನಿಂತಿದ್ದಾಗ ಕಟ್ಟಿದ್ದು.

ಪಿಸ್ಟನ್ ರಿಂಗ್ ಪಕ್ಕದಿಂದ ಸ್ವಲ್ಪ ಗ್ಯಾಸ್ ಕೆಳಗಿಳಿಯುವುದು ಎಲ್ಲ ಎಂಜಿನ್ನಿನಲ್ಲೂ ಇರುತ್ತದೆ, ಹಳೆಯದರಲ್ಲಿ ಜಾಸ್ತಿ. ಅದು ಹೊರಗೆ ಹೋಗುವ ದಾರಿಯೇ ಬ್ರೀದರ್. ದಾರಿ ಕಟ್ಟಿದರೆ ಒಳಗೆ ಪ್ರೆಶರ್ ಏರಿ, ಎಲ್ಲಿ ಪ್ಯಾಕಿಂಗ್ ಸೊರಗಿದೆಯೋ ಅಲ್ಲಿಂದ ಆಯಿಲನ್ನು ಹೊರಗೆ ತಳ್ಳುತ್ತದೆ. ಹೊಸ ಸೀಲ್ ಹಾಕಿದರೂ ನಾಳೆ ಅದರಿಂದಲೇ ಬರಬಹುದು. ಪೈಪ್ ಸ್ವಚ್ಛ ಮಾಡಿದ ಮೇಲೂ ಹೊಗೆ ಅಷ್ಟೇ ಜೋರಾಗಿದ್ದರೆ ರಿಂಗ್ ಸವೆದಿರುವ ಸಾಧ್ಯತೆ ಇದೆ. ಆಗ ಸೀಲ್ ಬದಲಿಸುತ್ತಾ ಹೋಗುವುದು ಸುಮ್ನೆ ದುಡ್ಡು ಸುಡುವ ಕೆಲಸ.

ಗೇರ್ ಬಾಕ್ಸ್ ಇಳಿಸದೆಯೂ ಸೀಲ್ ಪರೀಕ್ಷೆ ಮಾಡಬಹುದು. ಕೆಲವು ಗಾಡಿಗಳಲ್ಲಿ ಬೆಲ್ ಹೌಸಿಂಗ್ ಕೆಳಗೆ ಚಿಕ್ಕ ತಗಡಿನ ಮುಚ್ಚಳ ಇರುತ್ತದೆ. ಅದನ್ನು ಬಿಚ್ಚಿಸಿ ಒಳಗೆ ಒದ್ದೆ ಇದೆಯಾ ನೋಡಿ. ಒದ್ದೆ ಇದ್ದರೆ ಬೆರಳಿಗೆ ತಗೊಂಡು ಮೂಸಿ. ಡೀಸೆಲ್ ಎಂಜಿನ್ನಿನ ಆಯಿಲ್ ಮಸಿಯಂತೆ ಕಪ್ಪಗಿರುತ್ತದೆ, ಗೇರ್ ಆಯಿಲ್ ದಪ್ಪ, ಘಾಟು ವಾಸನೆ. ಗೇರ್ ಆಯಿಲ್ ಬರುತ್ತಿದ್ದರೆ ಕ್ರ್ಯಾಂಕ್ ಸೀಲಿಗೆ ಕೈ ಹಾಕುವ ಅಗತ್ಯವೇ ಇಲ್ಲ.

ಇನ್ನೊಂದು ಮಾತು. ಸೋರುವ ಜಾಗಕ್ಕೆ ಟ್ಯೂಬಿನಲ್ಲಿ ಬರುವ ಅಂಟು ದಪ್ಪಗೆ ಮೆತ್ತಲು ಬಿಡಬೇಡಿ. ಒಳಗೆ ಉಬ್ಬಿದ ಅಂಟು ಕಳಚಿ ಚೇಂಬರಿಗೆ (ಎಂಜಿನ್ ಅಡಿಯ ಆಯಿಲ್ ತೊಟ್ಟಿಗೆ) ಬಿದ್ದು ಆಯಿಲ್ ಪಂಪಿನ ಜಾಲರಿ ಕಟ್ಟಿದರೆ ಬೇರಿಂಗ್ ಹೋಗುತ್ತದೆ. ಕವರಿನ ಬೋಲ್ಟನ್ನು ಬಲ ಹಾಕಿ ಬಿಗಿದರೂ ತಗಡು ಸೊಟ್ಟಗಾಗಿ ಸೋರಿಕೆ ಹೆಚ್ಚುತ್ತದೆ.

ಕಾರಣ ಸಿಗುವ ತನಕ ದಿನಾ ಬೆಳಿಗ್ಗೆ, ಸಮತಟ್ಟಾದ ಜಾಗದಲ್ಲಿ ಡಿಪ್ ಸ್ಟಿಕ್ ನೋಡಿ. ನಮ್ಮ ಕಡೆ ಇದು ತುಂಬಾ ಮುಖ್ಯ. ಲೋಡ್ ಹಾಕಿಕೊಂಡು ಹುಲಿಕಲ್ ಘಾಟಿ ಹತ್ತುವಾಗ ಆಯಿಲ್ ಚೇಂಬರಿನ ಒಂದು ಬದಿಗೆ ಸರಿಯುತ್ತದೆ. ಮಟ್ಟ ಕಡಿಮೆ ಇದ್ದರೆ ಪಂಪು ಗಾಳಿ ಎಳೆದು ಎಂಜಿನ್ನೇ ಹಿಡಿದುಕೊಳ್ಳಬಹುದು.

ಈ ಮಳೆಗಾಲದಲ್ಲಿ ಗಾಡಿ ನಿಲ್ಲಿಸುವವರು ಬ್ರೀದರ್ ಪೈಪಿನ ಬಾಯಿಗೆ ಬಟ್ಟೆ ಕಟ್ಟಿ. ಬಿಚ್ಚದೆ ಸ್ಟಾರ್ಟ್ ಮಾಡಿದರೆ ಮತ್ತೆ ಅದೇ ಗೋಳು. ಹಾಗಾಗಿ ಕಟ್ಟಿದ ದಿನವೇ ಸ್ಟೇರಿಂಗಿಗೆ ಒಂದು ಚೀಟಿ ತೂಗುಹಾಕಿ.