ಮೂಲಧನ ಮೂಲದನವಾಗದಂತೆ: ಪ್ರೊಜೆಕ್ಟರ್‌ಗೆ ರೆಸಲ್ಯೂಷನ್ ಹೊಂದಿಸುವ ಬಗೆಗಳ ಹೋಲಿಕೆ

ಲ್ಯಾಪ್‌ಟಾಪನ್ನು ಪ್ರೊಜೆಕ್ಟರ್‌ಗೆ ಜೋಡಿಸಿದ ಮೇಲೆ ಗೋಡೆಯ ಮೇಲೆ ಚಿತ್ರವೊಂದು ಮೂಡಿದರೆ ಸಾಕು, ನಮ್ಮಲ್ಲಿ ಹೆಚ್ಚಿನವರು ಅಲ್ಲಿಗೇ ಬಿಟ್ಟು ಮಾತು ಆರಂಭಿಸುತ್ತೇವೆ. ನಾನೂ ಬಹುಕಾಲ ಹಾಗೆಯೇ ಮಾಡುತ್ತಿದ್ದೆ. ಒಮ್ಮೆ ಲೆಕ್ಕಪತ್ರದ ಹಾಳೆಯೊಂದನ್ನು ತೋರಿಸುತ್ತಿದ್ದಾಗ ಹಿಂದಿನ ಸಾಲಿನಲ್ಲಿದ್ದವರೊಬ್ಬರು ‘ಮೂಲದನ ಅಂದರೇನು?’ ಎಂದು ಕೇಳಿದರು. ಹಾಳೆಯಲ್ಲಿದ್ದದ್ದು ‘ಮೂಲಧನ’. ಧಕಾರದ ಬುಡದಲ್ಲಿರುವ ಸಣ್ಣ ಸೀಳು ಗೋಡೆಗೆ ತಲುಪುವಷ್ಟರಲ್ಲಿ ಅಳಿಸಿಹೋಗಿ, ಬಂಡವಾಳವಿರಬೇಕಾದ ಕಡೆ ದನ ಬಂದು ನಿಂತಿತ್ತು. ಆ ಬಳಿಕ ಎರಡು ಪ್ರೊಜೆಕ್ಟರ್‌ಗಳನ್ನು ಇಟ್ಟುಕೊಂಡು, ವಿಂಡೋಸ್‌ನಲ್ಲಿ ಸಾಧ್ಯವಿರುವ ಬಗೆಗಳನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದೆ.

ನನ್ನ ಲ್ಯಾಪ್‌ಟಾಪ್ ಪರದೆಯ ರೆಸಲ್ಯೂಷನ್, ಅಂದರೆ ಅಗಲಕ್ಕೂ ಎತ್ತರಕ್ಕೂ ಇರುವ ಪಿಕ್ಸೆಲ್ ಚುಕ್ಕೆಗಳ ಲೆಕ್ಕ, 1920×1080; ಅಗಲ ಎತ್ತರಗಳ ಅನುಪಾತ 16:9. ಪ್ರೊಜೆಕ್ಟರ್‌ಗಳಲ್ಲಿ ಹಳೆಯದು 1024×768 ಪಿಕ್ಸೆಲ್‌ಗಳ 4:3 ಯಂತ್ರ, ಇನ್ನೊಂದು 1280×800 ಪಿಕ್ಸೆಲ್‌ಗಳ 16:10 ಯಂತ್ರ. ಪರೀಕ್ಷೆಗೆ ಅದೇ ಲೆಕ್ಕದ ಹಾಳೆ, ಒಂದು ಸ್ಲೈಡ್‌ಮಾಲೆ, ಜೊತೆಗೆ ಒಂದೊಂದೇ ಪಿಕ್ಸೆಲ್ ಅಗಲದ ಕಪ್ಪು ಬಿಳುಪು ಗೆರೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ ನಾನೇ ಮಾಡಿಕೊಂಡ ಚಿತ್ರ. ಈ ಗೆರೆಚಿತ್ರ ಸುಳ್ಳು ಹೇಳುವುದಿಲ್ಲ: ಪಿಕ್ಸೆಲ್‌ಗೆ ಪಿಕ್ಸೆಲ್ ಕೂತರೆ ಗೆರೆಗಳು ಬಿಡಿಬಿಡಿಯಾಗಿ ಕಾಣುತ್ತವೆ, ಕೂರದಿದ್ದರೆ ಬೂದುಬಣ್ಣದ ಅಲೆಗಳು ಏಳುತ್ತವೆ.

ಮೊದಲನೆಯದು ಏನನ್ನೂ ಮುಟ್ಟದ ದಾರಿ. ವಿಂಡೋಸ್ ಕೀಲಿಯ ಜೊತೆ ಪಿ ಒತ್ತಿ, ಎರಡೂ ಕಡೆ ಒಂದೇ ಚಿತ್ರ ತೋರಿಸುವ ‘ಡುಪ್ಲಿಕೇಟ್’ ಆರಿಸಿ, ರೆಸಲ್ಯೂಷನ್ ಮಾತ್ರ ಲ್ಯಾಪ್‌ಟಾಪಿನದೇ ಆದ 1920×1080ರಲ್ಲಿ ಉಳಿಸಿದೆ. ಎರಡೂ ಪ್ರೊಜೆಕ್ಟರ್‌ಗಳು ಈ ಸಂಕೇತವನ್ನು ಒಪ್ಪಿಕೊಂಡವು. ಮೋಸ ಇರುವುದು ಇಲ್ಲಿಯೇ. ಪೆಟ್ಟಿಗೆಯ ಮೇಲೆ ‘1920×1080ರವರೆಗೆ’ ಎಂದು ಬರೆದಿರುವುದು ಯಂತ್ರ ಒಳಗೆ ಬಿಟ್ಟುಕೊಳ್ಳುವ ಸಂಕೇತದ ಮಾತೇ ಹೊರತು, ಚಿತ್ರ ಮೂಡಿಸುವ ಅದರ ಚಿಪ್‌ನಲ್ಲಿ ನಿಜವಾಗಿ ಇರುವ ಪಿಕ್ಸೆಲ್‌ಗಳ ಲೆಕ್ಕವಲ್ಲ. ಆ ಲೆಕ್ಕ ‘ನೇಟಿವ್ ರೆಸಲ್ಯೂಷನ್’ ಎಂಬ ಹೆಸರಿನಲ್ಲಿ ಕೈಪಿಡಿಯ ಕೊನೆಯ ಪುಟಗಳಲ್ಲೆಲ್ಲೋ ಇರುತ್ತದೆ. ಹಳೆಯ ಯಂತ್ರ 1920 ಕಂಬಸಾಲುಗಳನ್ನು 1024ರಲ್ಲಿ ತುರುಕಬೇಕು, ಅಂದರೆ ಸುಮಾರು ಎರಡು ಪಿಕ್ಸೆಲ್ ಕಲಸಿ ಒಂದು ಮಾಡಬೇಕು. ಅನುಪಾತ ಕೆಡದಿರಲು ಎತ್ತರವನ್ನು 576ಕ್ಕೆ ಇಳಿಸಬೇಕಾದ್ದರಿಂದ ಮೇಲೆ 96, ಕೆಳಗೆ 96 ಸಾಲುಗಳು ಕಪ್ಪಾಗಿಯೇ ಉಳಿದವು. ಮೊದಲೇ ಬಡವಾದ ಯಂತ್ರದ ಕಾಲುಭಾಗ ಹೀಗೆ ವ್ಯರ್ಥ. ಹಾಳೆಯ ಮನೆಗೆರೆಗಳಲ್ಲಿ ಕೆಲವು ಮಾಯವಾದವು, ಕೆಲವು ದಪ್ಪಗಾದವು. ಷ ಯಾವುದು, ಪ ಯಾವುದು ಎಂಬುದನ್ನು ಊಹಿಸಿಯೇ ಓದಬೇಕಾಯಿತು. 1280×800 ಯಂತ್ರದಲ್ಲಿ ಒಂದೂವರೆ ಪಿಕ್ಸೆಲ್‌ಗೆ ಒಂದರಂತೆ ಕುಗ್ಗಿದ್ದರಿಂದ ಹಾನಿ ಕಡಿಮೆ, ಆದರೆ ಗೆರೆಚಿತ್ರದಲ್ಲಿ ಅಲೆ ಅಲ್ಲಿಯೂ ಇತ್ತು. ಚಲನಚಿತ್ರ ತೋರಿಸುವವರಿಗೆ ಇದು ಲೆಕ್ಕಕ್ಕೆ ಬರಲಾರದು. ಅಕ್ಷರ ತೋರಿಸುವವರು ಈ ದಾರಿ ಹಿಡಿಯಬಾರದು ಎನ್ನುವುದರಲ್ಲಿ ನನಗೆ ಸಂದೇಹವಿಲ್ಲ.

ಎರಡನೆಯದು ಡುಪ್ಲಿಕೇಟ್‌ನಲ್ಲಿಯೇ ಇದ್ದುಕೊಂಡು, ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಪಟ್ಟಿಯಿಂದ ಪ್ರೊಜೆಕ್ಟರಿನ ಸ್ವಂತ ರೆಸಲ್ಯೂಷನ್ ಆರಿಸುವ ದಾರಿ. ಪಟ್ಟಿಯಲ್ಲಿ 1024×768 ಒತ್ತಿದ ಕ್ಷಣ ಗೋಡೆಯ ಮೇಲಿನ ಬದಲಾವಣೆ ಬರಿಗಣ್ಣಿಗೇ ಕಂಡಿತು: ಚಿತ್ರ ಮೇಲೆ ಕೆಳಗೆ ತುಂಬಿಕೊಂಡಿತು, ಗೆರೆಗಳು ಬಿಡಿಬಿಡಿಯಾದವು, ಧಕಾರಕ್ಕೆ ಅದರ ಸೀಳು ಮರಳಿ ಬಂತು. ಇದರ ಬೆಲೆಯನ್ನು ತೆತ್ತದ್ದು ಲ್ಯಾಪ್‌ಟಾಪ್ ಪರದೆ. ಅದು 768 ಸಾಲುಗಳನ್ನು 1080ಕ್ಕೆ ಹಿಗ್ಗಿಸಿ, ಎಡಬಲಗಳಲ್ಲಿ 240 ಪಿಕ್ಸೆಲ್‌ಗಳಷ್ಟು ಕಪ್ಪುಪಟ್ಟಿ ಬಿಟ್ಟು, ಮಂಜು ಕವಿದಂತಹ ಚಿತ್ರ ತೋರಿಸಿತು. ಅದನ್ನು ನೋಡುವವನು ನಾನೊಬ್ಬನೇ ಆದ್ದರಿಂದ ಚಿಂತೆಯಿಲ್ಲ. ಚಿಂತೆ ಹುಟ್ಟಿಸಿದ್ದು ಬೇರೆ: ಅಕ್ಷರಗಳ ಗಾತ್ರ ಹಿಗ್ಗಿಸುವ ಸ್ಕೇಲಿಂಗ್ 150 ಪ್ರತಿಶತದಲ್ಲಿಯೇ ಉಳಿದಿದ್ದ ಕಾರಣ, ಇಷ್ಟು ಚಿಕ್ಕ ಅಂಗಳದಲ್ಲಿ ಕಿಟಕಿಗಳು ಹಿಡಿಸದೆ ‘ಓಕೆ’ ಗುಂಡಿ ಪರದೆಯ ಕೆಳಗೆ ಜಾರಿಹೋಗಿತ್ತು. ಸ್ಕೇಲಿಂಗನ್ನು 100ಕ್ಕೆ ಇಳಿಸಿದ ಮೇಲೆ ಗುಂಡಿ ಸಿಕ್ಕಿತು. ಇನ್ನೊಂದು ಮಾತು: ಪವರ್‌ಪಾಯಿಂಟ್ 2013ರಿಂದ ಹೊಸ ಸ್ಲೈಡ್‌ಗಳು 16:9ರಲ್ಲಿಯೇ ಹುಟ್ಟುತ್ತವೆ, ರೆಸಲ್ಯೂಷನ್ ಎಷ್ಟೇ ಸರಿಯಿದ್ದರೂ 4:3 ಯಂತ್ರದಲ್ಲಿ ಅವು ಮೇಲೆ ಕೆಳಗೆ ಪಟ್ಟಿ ಬಿಡುತ್ತವೆ. ‘ಸ್ಲೈಡ್ ಸೈಜ್’ ಬದಲಿಸುವುದಾದರೆ ಮುಂಚಿತವಾಗಿಯೇ ಬದಲಿಸಬೇಕು. ಸಭೆಯೆದುರು ಬದಲಿಸಿದರೆ ಚಿತ್ರಗಳೂ ಬರಹವೂ ಜಾಗ ತಪ್ಪಿ, ಒಂದೊಂದನ್ನೇ ಎಳೆದು ಕೂರಿಸಬೇಕಾಗುತ್ತದೆ.

ಮೂರನೆಯದು ‘ಎಕ್ಸ್‌ಟೆಂಡ್’. ಇಲ್ಲಿ ಎರಡು ಪರದೆಗಳು ಬೇರೆ ಬೇರೆ ಅಂಗಳಗಳಾಗುವುದರಿಂದ ಲ್ಯಾಪ್‌ಟಾಪ್ 1920×1080ರಲ್ಲಿಯೂ, ಪ್ರೊಜೆಕ್ಟರ್ ತನ್ನ 1024×768ರಲ್ಲಿಯೂ ಸುಖವಾಗಿ ಇರುತ್ತವೆ. ಯಾರೂ ಯಾರಿಗಾಗಿಯೂ ಮಂಜಾಗಬೇಕಿಲ್ಲ. ಸ್ಲೈಡ್ ತೋರಿಸುವಾಗ ಮುಂದಿನ ಸ್ಲೈಡ್ ಮತ್ತು ಟಿಪ್ಪಣಿಗಳು ನನಗೆ ಮಾತ್ರ ಕಾಣುವ ‘ಪ್ರೆಸೆಂಟರ್ ವ್ಯೂ’ ಈ ಬಗೆಯಲ್ಲಿಯೇ ತಕ್ಕ ಕೆಲಸ ಕೊಡುತ್ತದೆ. ಚಿತ್ರದ ಗುಣಮಟ್ಟವೊಂದನ್ನೇ ನೋಡಿದರೆ ಎಕ್ಸ್‌ಟೆಂಡ್‌ಗೆ ಎದುರಿಲ್ಲ. ಆದರೆ ಲೆಕ್ಕದ ಹಾಳೆಯಲ್ಲಿ ಅಲ್ಲಲ್ಲೇ ತಿದ್ದಿ ತೋರಿಸಲು ಹೊರಟಾಗ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಬಾಣದ ಗುರುತು ಬಲ ಅಂಚು ದಾಟಿ ಗೋಡೆಗೆ ಹೋಗಿ ಮರೆಯಾಗುತ್ತಿತ್ತು. ಹೊಸ ಕಿಟಕಿ ತೆರೆದರೆ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. ಕತ್ತು ತಿರುಗಿಸಿ ಗೋಡೆ ನೋಡುತ್ತ ಕೈಯನ್ನು ಮಾತ್ರ ಮುಂದಿಟ್ಟುಕೊಂಡು ಕೆಲಸ ಮಾಡಬೇಕಾಯಿತು. ರೆಸಲ್ಯೂಷನ್ ಬದಲಿಸುವ ಮುನ್ನ ಸೆಟ್ಟಿಂಗ್ಸ್‌ನಲ್ಲಿ 1 ಮತ್ತು 2 ಎಂದು ಗುರುತಿಸಿದ ಚೌಕಗಳಲ್ಲಿ ಪ್ರೊಜೆಕ್ಟರಿನದನ್ನು ಆರಿಸಿಕೊಳ್ಳಬೇಕು. ನಾನು ಅದನ್ನು ಮರೆತು ಲ್ಯಾಪ್‌ಟಾಪಿನ ರೆಸಲ್ಯೂಷನನ್ನೇ ಇಳಿಸಿ, ಗೋಡೆಯಲ್ಲಿ ಏಕೆ ಏನೂ ಬದಲಾಗುತ್ತಿಲ್ಲವೆಂದು ಕೇಬಲ್ ಕಿತ್ತು ಮತ್ತೆ ಜೋಡಿಸಿದ್ದೂ ಉಂಟು.

‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಎಂಬ ನಾಲ್ಕನೆಯ ಬಗೆಯಲ್ಲಿ ಚಿತ್ರವೇನೋ ಚೆನ್ನ, ಆದರೆ ಲ್ಯಾಪ್‌ಟಾಪ್ ಪರದೆ ಪೂರ್ತಿ ಆರಿಹೋಗುವುದರಿಂದ ಮಾತನಾಡುವವರು ಸಭೆಗೆ ಬೆನ್ನು ಹಾಕಿ ನಿಲ್ಲಬೇಕು. ಪ್ರೊಜೆಕ್ಟರಿಗೆ ಒಗ್ಗದ ರೆಸಲ್ಯೂಷನ್ ಇಲ್ಲಿ ಆರಿಸಿಬಿಟ್ಟರೆ ಎರಡು ಕಡೆಯೂ ಕತ್ತಲು; ಆಗ ಕೀಲಿಗಳನ್ನು ಕುಟ್ಟದೆ 15 ಸೆಕೆಂಡ್ ಸುಮ್ಮನಿದ್ದರೆ ವಿಂಡೋಸ್ ತಾನಾಗಿ ಹಿಂದಿನ ಸ್ಥಿತಿಗೆ ಮರಳುತ್ತದೆ.

ಕೇಬಲ್‌ನ ಪಾತ್ರವೂ ಇದೆ. ಎಚ್‌ಡಿಎಂಐನಲ್ಲಿ ಸ್ವಂತ ರೆಸಲ್ಯೂಷನ್ ಎರಡೂ ಯಂತ್ರಗಳಲ್ಲಿ ಪಟ್ಟಿಯಲ್ಲೇ ಸಿಕ್ಕಿತು. ಒಂದರಲ್ಲಿ ಮಾತ್ರ ಅಂಚುಗಳು ಕತ್ತರಿಸಿ ಟಾಸ್ಕ್‌ಬಾರ್ ಅರ್ಧ ಮರೆಯಾಗಿದ್ದು, ಪ್ರೊಜೆಕ್ಟರಿನ ಮೆನುವಿನಲ್ಲಿ ಓವರ್‌ಸ್ಕ್ಯಾನ್ ಸೊನ್ನೆ ಮಾಡಿದ ಮೇಲೆ ಸರಿಯಾಯಿತು. 1987ರ ಹುಟ್ಟಿನ ವಿಜಿಎ ಎಂಬ ಹಳೆಯ ಬಗೆಯ ಕೇಬಲ್‌ನಲ್ಲಿ ಸಂಕೇತ ಅನಲಾಗ್ ಆದ್ದರಿಂದ, ರೆಸಲ್ಯೂಷನ್ ಸರಿಯಿದ್ದರೂ ಪ್ರೊಜೆಕ್ಟರಿನ ‘ಆಟೊ’ ಗುಂಡಿ ಒತ್ತುವವರೆಗೆ ಲಂಬ ಪಟ್ಟೆಗಳು ನಡುಗುತ್ತಿದ್ದವು. ಪ್ರೊಜೆಕ್ಟರ್ ತನ್ನ ಪರಿಚಯವನ್ನು ಕಂಪ್ಯೂಟರಿಗೆ ಹೇಳಿಕೊಳ್ಳುವ ಇಡಿಐಡಿ ಮಾಹಿತಿ ಅಗ್ಗದ ಕೇಬಲ್‌ಗಳಲ್ಲಿ ದಾಟಿಬರದೆ ಹೋಗಬಹುದು, ಆಗ ಬೇಕಾದ ರೆಸಲ್ಯೂಷನ್ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಅಡಾಪ್ಟರ್ ಪ್ರಾಪರ್ಟೀಸ್‌ನೊಳಗಿನ ‘ಲಿಸ್ಟ್ ಆಲ್ ಮೋಡ್ಸ್’ ಗುಂಡಿ ಅಂತಹ ಸಂದರ್ಭದಲ್ಲಿ ನನ್ನ ಕೈಹಿಡಿದಿದೆ.

ಈಗ ಸ್ಲೈಡ್ ಮಾತ್ರ ತೋರಿಸುವ ದಿನ ನಾನು ಎಕ್ಸ್‌ಟೆಂಡ್ ಬಳಸುತ್ತೇನೆ; ಕೈಯಾರೆ ಮಾಡಿ ತೋರಿಸುವ ಕೆಲಸವಿದ್ದರೆ ಡುಪ್ಲಿಕೇಟ್, ಅದೂ ಪ್ರೊಜೆಕ್ಟರಿನ ಸ್ವಂತ ರೆಸಲ್ಯೂಷನ್‌ನಲ್ಲಿ. ಗೆರೆಚಿತ್ರ ಸದಾ ಡೆಸ್ಕ್‌ಟಾಪಿನಲ್ಲಿಯೇ ಇರುತ್ತದೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ಹಳೆಯ ಯಂತ್ರದಲ್ಲಿ ಒಂದು ದಿನ ಗೆರೆಗಳು ಮತ್ತೆ ಅಲೆಯಾದವು. ಯಾರೋ ಮೇಜಿನ ಮೇಲಿದ್ದ ಯಂತ್ರವನ್ನು ಓರೆಯಾಗಿಟ್ಟು, ಚಿತ್ರದ ಆಕಾರ ನೆಟ್ಟಗಾಗಲೆಂದು ಕೀಸ್ಟೋನ್ ಹೆಚ್ಚಿಸಿದ್ದರು. ಡಿಜಿಟಲ್ ಕೀಸ್ಟೋನ್ ಎಂದರೆ ಪ್ರತಿ ಸಾಲನ್ನೂ ಬೇರೆ ಬೇರೆ ಅಳತೆಗೆ ಕುಗ್ಗಿಸುವುದೇ ಆದ್ದರಿಂದ, ಲ್ಯಾಪ್‌ಟಾಪಿನಿಂದ ಎಷ್ಟು ಸರಿಯಾದ ಪಿಕ್ಸೆಲ್ ಕಳಿಸಿದರೂ ಅದು ಕಲಸಿಯೇ ಹೊರಬರುತ್ತದೆ. ಕೀಸ್ಟೋನ್ ಸೊನ್ನೆಗೆ ತಂದು, ಯಂತ್ರವನ್ನು ಎರಡು ದಪ್ಪ ಪುಸ್ತಕಗಳ ಮೇಲೇರಿಸಿ ಗೋಡೆಗೆ ನೇರವಾಗಿಟ್ಟೆ. ಅಲೆ ಹೋಯಿತು.