ಕಂಪೆನಿ ಇನ್ಶೂರೆನ್ಸಿನಲ್ಲಿ ಮಂಡೆಬಿಸಿಗೆ ಮದ್ದು: ಮೂರು ವರ್ಷ ಬಳಸಿದ ಮೇಲೆ

ಮಂಗಳೂರಿನ ಒಂದು ಬ್ಯಾಕ್ ಆಫೀಸಿನಲ್ಲಿ ನನ್ನ ಕೆಲಸ. ಸೇರಿದ ದಿನ ಕೊಟ್ಟ ಹೆಲ್ತ್ ಇನ್ಶೂರೆನ್ಸ್ ಕಾರ್ಡು ಪರ್ಸಿನಲ್ಲಿ ಹಳೇ ಬಸ್ ಟಿಕೆಟುಗಳ ಜೊತೆ ಸುಮ್ನೆ ಬಿದ್ದಿತ್ತು. 2022ರ ಮಳೆಗಾಲದಲ್ಲಿ ನಿದ್ದೆ ಕೈಕೊಟ್ಟಿತು. ಬೆಳಿಗ್ಗೆ ಎದ್ದರೆ ಎದೆ ಡವಡವ. ಇಸಿಜಿ, ರಕ್ತ ಪರೀಕ್ಷೆ ಎಲ್ಲ ಆಯಿತು, ಏನೂ ಸಿಗಲಿಲ್ಲ. ಕೊನೆಗೆ ಡಾಕ್ಟ್ರೇ "ಒಮ್ಮೆ ಸೈಕಿಯಾಟ್ರಿಸ್ಟ್ ಹತ್ರ ತೋರಿಸಿ" ಎಂದರು.

ಮೊದಲು ಬಳಸಿದ್ದು ಕಂಪೆನಿ ಕೊಡುವ ಉಚಿತ ಕೌನ್ಸೆಲಿಂಗ್. ವರ್ಷಕ್ಕೆ 6 ಸಲ, ಫೋನಿನಲ್ಲಿ. ಇದು ಇನ್ಶೂರೆನ್ಸ್ ಅಲ್ಲ, ಬೇರೆಯೇ ವ್ಯವಸ್ಥೆ. ಎಷ್ಟು ಜನ ಕರೆ ಮಾಡಿದರು ಎಂಬ ಲೆಕ್ಕ ಮಾತ್ರ ಎಚ್‌ಆರ್‌ಗೆ ಹೋಗುತ್ತದೆ, ಹೆಸರು ಹೋಗುವುದಿಲ್ಲ ಎಂದು ಕೇಳಿ ಖಾತ್ರಿ ಮಾಡಿಕೊಂಡೆ. ಮೊದಲ ಎರಡು ಕರೆ ಇಂಗ್ಲಿಷಿನಲ್ಲೇ ಹೋಯಿತು. ಗ್ರಾಮರ್ ಸರಿ ಮಾಡುವುದರಲ್ಲೇ ಮುಕ್ಕಾಲು ಗಂಟೆ ಮುಗಿಯಿತು. ಆಮೇಲೆ ಕನ್ನಡದವರೇ ಬೇಕು ಎಂದು ಹಟ ಹಿಡಿದೆ, ಕೊಟ್ಟರು. ಅವರು ಘಟ್ಟದ ಮೇಲಿನವರು, ನಮ್ಮ ಕಡೆ ಮಂಡೆಬಿಸಿ ಎಂದರೆ ಚಿಂತೆ ಎಂದು ಗೊತ್ತಿಲ್ಲ. "ತುಂಬಾ ಮಂಡೆಬಿಸಿ ಮೇಡಂ" ಎಂದೆ. "ಜ್ವರ ನೋಡಿಕೊಂಡ್ರಾ?" ಎಂದು ಕೇಳಿದರು! ತಿಂಗಳುಗಳ ನಂತರ ಆವತ್ತೇ ನಾನು ಜೋರಾಗಿ ನಕ್ಕದ್ದು. ಒಳ್ಳೆಯವರು, ಆದರೆ 6 ಸಲ ಎಂದರೆ ಪರಿಚಯ ಆಗುವಷ್ಟರಲ್ಲೇ ಮುಗಿಯುತ್ತದೆ.

ಇನ್ನು ಕಾರ್ಡಿನ ವಿಷಯ. ಇಂಥ ಕಾರ್ಡುಗಳಲ್ಲಿ ಹೆಚ್ಚಾಗಿ ಆಸ್ಪತ್ರೆಗೆ ಸೇರಿದರೆ ಮಾತ್ರ ದುಡ್ಡು, ಅದೂ ಸಾಮಾನ್ಯವಾಗಿ ಕನಿಷ್ಠ 24 ಗಂಟೆ ಮಲಗಬೇಕು. ಆದರೆ ಈ ಕಾಯಿಲೆಗಳಿಗೆ ಹೆಚ್ಚಿನವರು ಮಲಗುವುದೇ ಇಲ್ಲ. ಕುರ್ಚಿಯಲ್ಲಿ ಕೂತು ಮಾತಾಡುತ್ತೇವೆ, ಚೀಟಿ ತಗೊಂಡು ಮನೆಗೆ ಬರುತ್ತೇವೆ. ನನ್ನ ಪುಣ್ಯಕ್ಕೆ ನಮ್ಮ ಪಾಲಿಸಿಯಲ್ಲಿ ಒಪಿಡಿಗೆ, ಅಂದರೆ ಅಡ್ಮಿಟ್ ಆಗದೆ ತೋರಿಸಿ ಬರುವುದಕ್ಕೆ, ವರ್ಷಕ್ಕೆ 10,000 ರೂಪಾಯಿ ಉಂಟು. ಡಾಕ್ಟರ ಫೀಸು 700, ತಿಂಗಳ ಮದ್ದು ಸುಮಾರು 600, ಮಾತಿನಲ್ಲೇ ಥೆರಪಿ ಕೊಡುವ ಸೈಕಾಲಜಿಸ್ಟ್ ಹತ್ರ ಒಮ್ಮೆ ಕೂತರೆ 1,200. ಏಪ್ರಿಲಿನಲ್ಲಿ ಶುರುವಾದ ಹಣ ದಸರಾ ಹೊತ್ತಿಗೆ ಖಾಲಿ. ನಮ್ಮ ಆಫೀಸಿನ ಹೌಸ್‌ಕೀಪಿಂಗ್ ಹುಡುಗನಿಗೆ ಇಎಸ್‌ಐ ಉಂಟು, ಅದು ತಿಂಗಳ ಸಂಬಳ 21,000ದ ಒಳಗೆ ಇರುವವರಿಗೆ ಸಿಗುವ ಸರಕಾರಿ ಕಾರ್ಮಿಕ ವಿಮೆ. ಅದರಲ್ಲಿ ಒಪಿಡಿಯೂ ಸೇರಿದೆ, ಮದ್ದೂ ಸೇರಿದೆ. ಈ ಒಂದು ವಿಷಯದಲ್ಲಿ ಅವನದ್ದೇ ನನ್ನ ಕಾರ್ಡಿಗಿಂತ ಮೇಲು.

ಸೈಕಾಲಜಿಸ್ಟ್ ಬಿಲ್ಲು ಮೊದಲ ಸಲ ವಾಪಸ್ ಬಂತು. "ನೋಂದಾಯಿತ ವೈದ್ಯರಲ್ಲ" ಅಂತೆ. ಹೌದು, ಅವರು ಎಂಬಿಬಿಎಸ್ ಅಲ್ಲ. ಕ್ಲಿನಿಕಲ್ ಸೈಕಾಲಜಿಸ್ಟುಗಳು ನೋಂದಾಯಿಸಿಕೊಳ್ಳುವುದು ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐಯಲ್ಲಿ. ಮುಂದಿನ ಸಲ ಸೈಕಿಯಾಟ್ರಿಸ್ಟ್ ಕೈಯಿಂದ "ಥೆರಪಿ ಬೇಕು" ಎಂದು ಬರೆಸಿ, ಬಿಲ್ಲಿನ ಮೇಲೆ ಆರ್‌ಸಿಐ ನಂಬರ್ ಹಾಕಿಸಿ ಕಳಿಸಿದೆ. ಪಾಸಾಯಿತು. ಈ ಎರಡು ಕಾಗದ ಮೊದಲ ದಿನವೇ ಮಾಡಿಸಿಕೊಳ್ಳಿ. ನಾನು 3,600 ಕಳಕೊಂಡು ಕಲಿತದ್ದು.

2023ರಲ್ಲಿ ಅಮ್ಮನ ಸರದಿ. ಅಪ್ಪ ತೀರಿಹೋದ ಮೇಲೆ ಊಟ ಬಿಟ್ಟರು, ಮಾತು ಬಿಟ್ಟರು. "ಒಮ್ಮೆ ದೈವದ ದರ್ಶನದಲ್ಲಿ ಕೇಳುವ" ಎಂದರು ದೊಡ್ಡಮ್ಮ. ಕೇಳಿದೆವು, ಅಡ್ಮಿಟ್ಟೂ ಮಾಡಿದೆವು. ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ನನ್ನ ಕಾರ್ಡು ನೋಡಿ "ಮಾನಸಿಕಕ್ಕೆ ಕ್ಯಾಶ್‌ಲೆಸ್ ಇಲ್ಲಕ್ಕ" ಎಂದ ಹುಡುಗ, ಅಂದರೆ ಬಿಲ್ಲು ನಾವೇ ಕಟ್ಟಬೇಕು. ವಿಮಾ ಕಂಪೆನಿಯ ಪರವಾಗಿ ಕ್ಲೇಮು ನೋಡುವ ಟಿಪಿಎಯಿಂದಲೂ ಅದೇ ಉತ್ತರ.

ಇಲ್ಲಿ ನನಗೆ ಸಿಟ್ಟು ಬಂತು. 2017ರ ಮಾನಸಿಕ ಆರೋಗ್ಯ ಕಾಯಿದೆಯ 21(4) ಸೆಕ್ಷನ್ನು ಸ್ಪಷ್ಟವಾಗಿದೆ: ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡಬೇಕು. ಎಲ್ಲ ಪಾಲಿಸಿಗಳಲ್ಲೂ ಇದನ್ನು ಸೇರಿಸಿ ಎಂದು ವಿಮಾ ಕಂಪೆನಿಗಳ ನಿಯಂತ್ರಕ ಐಆರ್‌ಡಿಎಐ 2022ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಆಸ್ಪತ್ರೆ ಕಾರಿಡಾರಿನಲ್ಲಿ ಕೂತು ಇಷ್ಟನ್ನೇ ಮೇಲ್ ಬರೆದೆ. ಒಪ್ಪದಿದ್ದರೆ ವಿಮೆಯ ದೂರುಗಳನ್ನು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಹತ್ರ ಹೋಗುತ್ತೇನೆ ಎಂದೂ ಸೇರಿಸಿದೆ. ಅಲ್ಲಿ ದೂರು ಕೊಡಲು ಒಂದು ಪೈಸೆ ಖರ್ಚಿಲ್ಲ. ಮೂರನೇ ದಿನ ಒಪ್ಪಿಗೆ ಬಂತು. ಒಟ್ಟು 9 ದಿನ ಇದ್ದೆವು. ಕೋಣೆ ಬಾಡಿಗೆಯ ಮಿತಿ ದಾಟಿದ್ದಕ್ಕೆ ಸ್ವಲ್ಪ ಕೈಯಿಂದ ಹೋಯಿತು, ಆ ತಪ್ಪು ನನ್ನದೇ. ಅಮ್ಮ ಈಗ ಬೆಳಿಗ್ಗೆ ಎದ್ದು ಮಲ್ಲಿಗೆ ಗಿಡಕ್ಕೆ ನೀರು ಹಾಕುತ್ತಾರೆ, ನನಗೆ ಬೈಯುತ್ತಾರೆ.

ಗುಟ್ಟಿನ ಬಗ್ಗೆ ಕೇಳುವವರು ಜಾಸ್ತಿ. ನಮ್ಮ ಊರಲ್ಲಿ ಯಾರು ಯಾರಿಗೆ ಸಂಬಂಧ ಅಂತ ಹೇಳಲಿಕ್ಕಾಗುವುದಿಲ್ಲ. ಕ್ಲೇಮಿನ ಕಾಗದ ಎಚ್‌ಆರ್ ಕೈಗೆ ಕೊಡುವುದು ಬೇಡ, ಟಿಪಿಎ ಆ್ಯಪಿನಲ್ಲಿ ನೇರ ಹಾಕಿ. ಕಾಣುವವರು ಯಾರೂ ಇರಬಾರದು ಎಂದು ನಾನು ಮೊದಲು ಎಕ್ಸ್‌ಪ್ರೆಸ್ ಬಸ್ ಹತ್ತಿ ಉಡುಪಿಗೆ ಹೋಗುತ್ತಿದ್ದೆ. ಎರಡನೇ ಸಲವೇ ಅಲ್ಲಿ ನಮ್ಮ ಪಕ್ಕದ ಟೀಮಿನವಳು ಕೂತಿದ್ದಳು. "ನೀನೂ ಇಷ್ಟು ದೂರ ಬಂದದ್ದಾ ಮಾರಾಯ್ತಿ?" ಎಂದಳು. ವಾಪಸ್ ಬರುವಾಗ ಒಟ್ಟಿಗೆ ಗೋಳಿಬಜೆ ತಿಂದೆವು. ಮುಂದಿನ ತಿಂಗಳಿಂದ ಇಬ್ಬರೂ ಮಂಗಳೂರಿನಲ್ಲೇ ತೋರಿಸುತ್ತಿದ್ದೇವೆ. ಬಸ್ಸಿನ ದುಡ್ಡಾದರೂ ಉಳಿಯಿತು.

ಕೆಲಸ ಬಿಟ್ಟರೆ ಕಾರ್ಡೂ ಬಿಟ್ಟುಹೋಗುತ್ತದೆ. ಅದೇ ವಿಮಾ ಕಂಪೆನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳುವ ದಾರಿ ಉಂಟಾ ಎಂದು ರಾಜೀನಾಮೆಗೆ ಮುಂಚೆಯೇ ಕೇಳಿ. ಕಾರ್ಡೇ ಇಲ್ಲದವರು 14416ಕ್ಕೆ ಫೋನ್ ಮಾಡಿ. ಸರಕಾರದ ಟೆಲಿ ಮಾನಸ್ ಅದು, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ನನ್ನ ಕಡೆಯಿಂದ 5ಕ್ಕೆ 3. ಅಮ್ಮನ ಆಸ್ಪತ್ರೆ ಬಿಲ್ಲಿಗೆ ಎರಡು, ಆ ಕೌನ್ಸೆಲರಿಗೆ ಒಂದು. ಪ್ರತಿ ವರ್ಷ ನವೀಕರಣಕ್ಕೆ ಮುಂಚೆ ಎಚ್‌ಆರ್‌ನವರು "ಪಾಲಿಸಿಯಲ್ಲಿ ಇನ್ನೇನು ಬೇಕು?" ಎಂದು ಫಾರ್ಮ್ ಕಳಿಸುತ್ತಾರೆ. ಮೂರು ವರ್ಷದಿಂದ "ಒಪಿಡಿ ಹಣ ಜಾಸ್ತಿ ಮಾಡಿ" ಎಂದು ಬರೆಯುತ್ತಿದ್ದೇನೆ. ಈ ವರ್ಷ ಕನ್ನಡಕಕ್ಕೆ 2,000 ಸೇರಿಸಿದ್ದಾರೆ.